ನಿಮ್ಮ ರಾಕೆಟ್ಟಿಗೆ ನಾನು ಹಾಕದ ಸಹಿ

ಪ್ರೀತಿಯ ಡೆಲ್ಬರ್ಟ್ ಅವರಿಗೆ,

ಈ ಕಾಗದವನ್ನು ನಿಮ್ಮ ಕೈಗೆ ಕೊಡುವ ಧೈರ್ಯ ನನಗಿಲ್ಲ. ಕೊಟ್ಟರೂ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲ ಸಾಲು ಮರೆತಿರುತ್ತದೆ ಎನ್ನುತ್ತಾರೆ ನಿಮ್ಮ ಹೆಂಡತಿ ನೇವಾ. ಆದರೂ ಬರೆಯುತ್ತಿದ್ದೇನೆ. ಇಂಥದ್ದನ್ನು ಹೇಳಿಕೊಳ್ಳಲು ನನಗೆ ಇದ್ದವರು ನೀವೊಬ್ಬರೇ.

ಹದಿನಾಲ್ಕು ವರ್ಷದ ಹಿಂದೆ ನಾನು ಓಡಿಸುತ್ತಿದ್ದ ಶಾಲೆಯ ಬಸ್ಸಿನ ಬ್ರೇಕ್ ಸರಿಮಾಡಿಸಲು ನಿಮ್ಮ ಶೆಡ್ಡಿಗೆ ಬಂದಿದ್ದೆ. ನನ್ನ ಗಂಡ ತೀರಿಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಮೂಲೆಯಲ್ಲಿ ನನ್ನ ಎರಡರಷ್ಟು ಎತ್ತರದ ರಾಕೆಟ್ ನಿಂತಿತ್ತು. "ಇದು ನಿಜವಾಗ್ಲೂ ಹಾರುತ್ತಾ?" ಎಂದೆ. "ಮತ್ತೇನು, ಬಟ್ಟೆ ಒಣಗಿಸೋಕೆ ಮಾಡಿದೀನಾ? ಹಿಡ್ಕೋ ಇದನ್ನ" ಎಂದು ಅಂಟು ಕಲಸಿದ ಬಟ್ಟಲನ್ನು ನನ್ನ ಕೈಗಿಟ್ಟಿರಿ. ಆ ಸಂಜೆ ಮೂರು ರೆಕ್ಕೆ ಅಂಟಿಸಿ ಮನೆಗೆ ಹೋದವಳು ಅಳದೆ ಮಲಗಿದ್ದೆ. ನಿಮಗೆ ಇದನ್ನು ಯಾವತ್ತೂ ಹೇಳಲಿಲ್ಲ.

ಪ್ಯಾರಾಚೂಟ್ ಮಡಿಸುವುದು, ಮದ್ದಿನಪುಡಿಯನ್ನು ಚಿಟಿಕೆಯೂ ಹೆಚ್ಚುಕಡಿಮೆಯಾಗದಂತೆ ತೂಗುವುದು, ಎಲ್ಲ ನೀವೇ ಕಲಿಸಿದಿರಿ. "ಏರೋದು ಎಲ್ಲಾ ಏರುತ್ವೆ ಟ್ವೈಲಾ. ನಮ್ಮ ಕಸುಬು ಇಳಿಸೋದು" ಎನ್ನುತ್ತಿದ್ದಿರಿ. ತಿಂಗಳಿಗೊಂದು ಶನಿವಾರ ರಾಕೆಟ್ ಹಾರಿಸುವ ನಮ್ಮ ಕ್ಲಬ್ಬಿನಲ್ಲಿ ಸುರಕ್ಷತೆಯ ಜವಾಬ್ದಾರಿ ಯಾರಿಗೆ ಎಂಬ ಮಾತು ಬಂದಾಗ, "ಈ ಹೆಂಗಸಿಗೇ ಕೊಡಿ, ಇವಳಿಗೆ ದಾಕ್ಷಿಣ್ಯ ಅನ್ನೋದು ಗೊತ್ತಿಲ್ಲ" ಎಂದಿರಿ. ಎಲ್ಲರೂ ನಕ್ಕರು. ಅಂದಿನಿಂದ ಹಾರಾಟದ ಚೀಟಿಯ ಮೇಲೆ ನನ್ನ ಸಹಿಯಿಲ್ಲದೆ ಯಾವ ರಾಕೆಟ್ಟೂ ನಮ್ಮ ಆ ಗೋಧಿ ಕೂಳೆಯ ಹೊಲದಿಂದ ಮೇಲೇಳುವಂತಿಲ್ಲ.

ಚಳಿಗಾಲವಿಡೀ ಕೂತು ಕಟ್ಟಿದ ಕೆಂಪು ರಾಕೆಟ್ಟನ್ನು ಈ ವರ್ಷ ಮೇ ತಿಂಗಳಲ್ಲಿ ತಂದಿರಿ. ನನ್ನ ಪ್ರಶ್ನೆಗಳಿಗೆಲ್ಲ ಪಟಪಟನೆ ಉತ್ತರ ಕೊಟ್ಟಿರಿ. ಆದರೆ ಮೋಟಾರಿನ ಅಳತೆಯನ್ನು ಎರಡು ಸಲ ಹೇಳಿದಿರಿ, ಮೊದಲ ಸಲ ಹೇಳಿಯೇ ಇಲ್ಲವೆಂಬಂತೆ. ನನ್ನ ಪೆನ್ನು ಒಂದು ಕ್ಷಣ ನಿಂತಿತು. ನಿಮ್ಮ ಮುಖ ನೋಡಿದೆ. ಸಹಿ ಹಾಕಿದೆ.

ಅದು ಏರಿದ್ದು ಎಷ್ಟು ಚೆಂದ! ಒಂಬತ್ತು ಸಾವಿರ ಅಡಿ. ಆಮೇಲೆ ಆಕಾಶದಲ್ಲಿ ಏನೂ ಅರಳಲಿಲ್ಲ. ಯಾರೋ ಕೂಗಿದರು: "ಮೇಲೆ ನೋಡ್ರೋ! ಪ್ಯಾರಾಚೂಟ್ ಬಿಚ್ಚಿಲ್ಲ, ಓಡ್ರಿ!" ಸಿಳ್ಳೆಯಂಥ ಸದ್ದು ಹತ್ತಿರವಾಗುತ್ತಿತ್ತು. ಮೈಕ್ ನನ್ನ ಕೈಯಲ್ಲೇ ಇತ್ತು. ಎತ್ತ ಓಡಿ ಎಂದು ಹೇಳಲಿ? ಅದು ಮೂತಿ ಕೆಳಗಾಗಿ, ಊಟ ಹರಡಿಕೊಂಡು ಕೂತಿದ್ದ ಒಂದು ಸಂಸಾರದಿಂದ ಹತ್ತು ಹೆಜ್ಜೆ ದೂರದಲ್ಲಿ ನೆಲ ಹೊಕ್ಕಿತು. ಆ ತಾಯಿ ಮಗುವಿನ ಮೇಲೆ ಬೋರಲಾಗಿ ಬಿದ್ದಿದ್ದಳು. ಯಾರಿಗೂ ಏನೂ ಆಗಲಿಲ್ಲ. ಅಗೆದು ತೆಗೆದಾಗ, ಪ್ಯಾರಾಚೂಟ್ ಬಿಚ್ಚಿಸುವ ಯಂತ್ರದ ಎರಡು ಸ್ವಿಚ್ಚೂ ಆಫ್ ಆಗಿಯೇ ಇದ್ದವು. "ಹಾಕಿದ್ನಲ್ಲ, ನಾನೇ ಹಾಕಿದ್ನಲ್ಲ" ಎನ್ನುತ್ತಲೇ ಇದ್ದಿರಿ. ವಾಪಸ್ಸು ಬರುವಾಗ ನನ್ನ ಪಿಕಪ್ಪಿನಲ್ಲಿ ಕೂತು ಉತ್ಸಾಹದಿಂದ ಕೇಳಿದಿರಿ: "ನಮ್ಮ ಸರದಿ ಯಾವಾಗ ಟ್ವೈಲಾ?"

ಜೂನ್‌ನಲ್ಲಿ ಹಳೆಯ ರಾಕೆಟ್ಟೊಂದನ್ನು ಹೊತ್ತು ಬಂದಿರಿ. ನೇವಾ ನನ್ನನ್ನು ಪಕ್ಕಕ್ಕೆ ಕರೆದು, "ಶೆಡ್ಡಿಗೆ ಬೀಗ ಹಾಕಿದ್ರೆ ಬಾಗಿಲ ಹತ್ರಾನೇ ಕೂತು ಅಳ್ತಾರೆ ಕಣೇ. ಬೇಡ ಅಂತ ನೀನೇ ಹೇಳು, ನಿನ್ನ ಮಾತು ಕೇಳ್ತಾರೆ" ಎಂದರು. ಹೇಳಿದೆ. ನಿಮ್ಮ ಮುಖ ಕಪ್ಪಿಟ್ಟಿತು. "ನಿನಗೆ ಕಲಿಸಿದೋನು ಯಾರು?" ಎಂದಿರಿ, ಅಷ್ಟೆ.

ಒಂದು ಸಲ ಹೇಳಿದರೆ ಮುಗಿಯಿತು ಎಂದುಕೊಂಡಿದ್ದೆ. ಜುಲೈನಲ್ಲಿ ನಗುನಗುತ್ತಾ ಮತ್ತೆ ಬಂದಿರಿ, ಏನೂ ನೆನಪಿಲ್ಲದೆ. ಮತ್ತೆ ಹೇಳಿದೆ. ಮತ್ತೆ ಅದೇ ಮುಖ, ಅದೇ ಮಾತು. ಆಗಸ್ಟ್‌ನಲ್ಲೂ. ನೋವು ನಿಮಗೆ ಪ್ರತಿ ಸಲವೂ ಹೊಸದು. ನನಗೋ, ಹಿಂದಿನದೆಲ್ಲ ಸೇರಿಕೊಂಡು ಬರುತ್ತಿತ್ತು.

ಕಳೆದ ತಿಂಗಳು, ಸೆಪ್ಟೆಂಬರಿನ ಶನಿವಾರ, ನನ್ನಿಂದಾಗಲಿಲ್ಲ. "ಇವತ್ತು ಗಾಳಿ ಜೋರಿದೆ ಡೆಲ್ಬರ್ಟ್, ಹಾರಿಸೋ ಹಾಗಿಲ್ಲ" ಎಂದುಬಿಟ್ಟೆ. ಕಂಬದ ಬಾವುಟ ಜೋತುಬಿದ್ದಿತ್ತು. ನಿಮ್ಮ ಬೆನ್ನ ಹಿಂದೆಯೇ ಯಾರದೋ ರಾಕೆಟ್ ಎದ್ದಿತು. ಹೊಗೆ ದಾರ ಬಿಟ್ಟ ಹಾಗೆ ನೆಟ್ಟಗೆ ನಿಂತಿತ್ತು. ನೀವು ತಿರುಗಿ ಆ ಹೊಗೆಯನ್ನು ಬಹಳ ಹೊತ್ತು ನೋಡಿದಿರಿ. ಆಮೇಲೆ ನನ್ನ ಹೆಗಲು ತಟ್ಟಿ ಹೇಳಿದಿರಿ: "ಒಳ್ಳೇ ಕೆಲಸ ಮಾಡ್ದೆ ಹುಡುಗಿ. ಬೇರೆಯೋರಾಗಿದ್ರೆ ನನ್ನ ಮುಖ ನೋಡಿ ಸಹಿ ಹಾಕಿಬಿಡ್ತಿದ್ರು."

ನಾಡಿದ್ದು ಅಕ್ಟೋಬರಿನ ಹಾರಾಟದ ಶನಿವಾರ. ನೀವು ಬಂದೇ ಬರುತ್ತೀರಿ. ಏನು ಹೇಳಬೇಕೋ ನನಗಿನ್ನೂ ತಿಳಿದಿಲ್ಲ. ಅಲ್ಲಿಯವರೆಗೆ ನಿಮಗೆ ಕಣ್ತುಂಬ ನಿದ್ದೆ ಬರಲಿ, ನೇವಾ ಅವರ ಹೆಸರು ಮಾತ್ರ ಕೊನೆಯವರೆಗೂ ನಿಮ್ಮ ಬಾಯಲ್ಲಿ ಉಳಿಯಲಿ.

ನೀವು ಕೈಹಿಡಿದು ಕಲಿಸಿದ,
ಟ್ವೈಲಾ