ಏಳನೆಯ ಸೂತ್ರ ಬರೆಯಲಾರೆ

ವಸತಿ ಇಲಾಖೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನನ್ನ ಹೆಂಡತಿ ಮಲಗುವ ಕೋಣೆಯ ನೆತ್ತಿಯ ಮೇಲೆ ನೀವು ಡಾಂಬರು ಸುರಿಸಿದ್ದೀರಿ. ಅದೂ ಬೇಸಿಗೆಯ ಮೊದಲ ವಾರದಲ್ಲಿ, ನೀವೇ ಸಹಿ ಹಾಕಿದ ಆದೇಶದ ಮೇರೆಗೆ. ಬೇರೆ ಯಾರು ಮಾಡಿದ್ದರೂ ಬೈದು ಸುಮ್ಮನಾಗುತ್ತಿದ್ದೆ. ಆದರೆ ಆ ಕೋಣೆಯನ್ನು ತಂಪಾಗಿಡುವುದು ಹೇಗೆ ಎಂದು ನನಗೆ ಕಲಿಸಿದವರೂ ನೀವೇ ಆದ್ದರಿಂದ ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರ ಮುಂದೆ ಕೇಳಬೇಕಾಗಿದೆ.

ನಾನು ಬೋರ್ಡು ಬರೆಯುವವನು. ಈ ಊರಿನ ಅರ್ಧ ಅಂಗಡಿಗಳ ಹೆಸರು ನನ್ನ ಕುಂಚದಿಂದ ಹುಟ್ಟಿದ್ದು. ಹೋದ ವರ್ಷ ಬೇಸಿಗೆಗೆ ಮುನ್ನ ನಿಮ್ಮ ಕಚೇರಿಯ ಕಾಂಪೌಂಡ್ ಗೋಡೆಯ ಮೇಲೆ ‘ಮಲಗುವ ಕೋಣೆ ತಂಪಾಗಿಡಲು ಹತ್ತು ಸೂತ್ರಗಳು’ ಎಂದು ಆಳೆತ್ತರದ ಅಕ್ಷರಗಳಲ್ಲಿ ಬರೆದವನೂ ನಾನೇ. ಬಿಸಿಲೇರುವ ಮುನ್ನ ಕಿಟಕಿ ಮುಚ್ಚಿ ಪರದೆ ಎಳೆಯಿರಿ, ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ, ಹತ್ತಿಯ ಹಾಸಿಗೆ ಬಳಸಿ ಎಂದೆಲ್ಲ ಇತ್ತು. ಏಳನೆಯದು, ತಾರಸಿಗೆ ಬಿಳಿ ಬಣ್ಣ ಬಳಿಯಿರಿ. ಸಾಮಾನ್ಯವಾಗಿ ನಾವು ಬೋರ್ಡಿನವರು ಬರೆದದ್ದನ್ನು ನಂಬುವುದಿಲ್ಲ. ‘ಇಂದು ನಗದು, ನಾಳೆ ಉದ್ರಿ’ ಎಂದು ಎಷ್ಟು ಸಲ ಬರೆದಿಲ್ಲ ನಾನು! ಆದರೆ ನಿಮ್ಮ ಸೂತ್ರಗಳನ್ನು ಬರೆಯುತ್ತ ಬರೆಯುತ್ತ ನಂಬಿಬಿಟ್ಟೆ. ಅದಕ್ಕೆ ಕಾರಣ ನನ್ನ ಹೆಂಡತಿ.

ಅವಳು ಬೇಕರಿಯಲ್ಲಿ ಬ್ರೆಡ್ಡು ಸುಡುವವಳು. ಊರು ಏಳುವ ಹೊತ್ತಿಗೆ ಅವಳ ಕೆಲಸ ಮುಗಿಯುತ್ತದೆ. ಜನ ಡಬ್ಬಿ ಹಿಡಿದು ಬಸ್ಸು ಹತ್ತುವಾಗ ಅವಳು ಕೂದಲಲ್ಲಿ ಹಿಟ್ಟು ತುಂಬಿಕೊಂಡು ಮೆಟ್ಟಿಲು ಹತ್ತುತ್ತಾಳೆ. ಅಂದರೆ ಅವಳು ನಿದ್ದೆ ಮಾಡಬೇಕಾದದ್ದು ಸೂರ್ಯ ನೆತ್ತಿಯ ಮೇಲಿರುವಾಗ. ನಮ್ಮದು ನಿಮ್ಮ ಇಲಾಖೆಯ ಬಾಡಿಗೆ ಕಟ್ಟಡದ ಮೂರನೆಯ ಮಹಡಿ, ಅದರ ಮೇಲೆ ತಾರಸಿ ಬಿಟ್ಟರೆ ಆಕಾಶವೇ. ಬೇಸಿಗೆಯಲ್ಲಿ ಆ ಕೋಣೆಯ ಫ್ಯಾನು ಬಿಸಿಗಾಳಿಯನ್ನು ಈ ಗೋಡೆಯಿಂದ ಆ ಗೋಡೆಗೆ ದಾಟಿಸುವ ಕೆಲಸ ಮಾತ್ರ ಮಾಡುತ್ತಿತ್ತು. ಬಾಣಲೆಯಿಂದ ಬೆಂಕಿಗೆ ಎಂಬ ಗಾದೆಯನ್ನು ಅವಳು ದಿನಾ ಬದುಕುತ್ತಿದ್ದಳು.

ಹಾಗಾಗಿ ನಿಮ್ಮ ಹತ್ತೂ ಸೂತ್ರಗಳನ್ನು ಚಾಚೂ ತಪ್ಪದೆ ಪಾಲಿಸಿದೆ. ತಾರಸಿಯ ವಿಷಯದಲ್ಲಿ ನಿಮ್ಮ ಕಿರಿಯ ಇಂಜಿನಿಯರನ್ನು ಕೇಳಿಯೇ ಮುಂದುವರಿದದ್ದು. “ಬಳೀರಿ, ಒಳ್ಳೆ ಕೆಲಸಕ್ಕೆ ಯಾರು ಬೇಡ ಅಂತಾರೆ?” ಅಂದರು. ಬಾಯಿಮಾತು ಸಾಕು ಅಂದುಕೊಂಡೆ. ಮೂರು ಭಾನುವಾರ ಮೊಣಕಾಲೂರಿ ಇಡೀ ತಾರಸಿಗೆ ಎರಡು ಕೋಟು ಬಿಳಿ ಬಳಿದೆ. ಬಳಿದು ಮುಗಿಸಿದ ನಾಲ್ಕನೆಯ ದಿನ ಮಧ್ಯಾಹ್ನ ಮನೆಗೆ ಬಂದಾಗ ಅವಳು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅಷ್ಟು ಒಳ್ಳೆಯ ಸದ್ದು ನಾನು ಕೇಳಿರಲಿಲ್ಲ. ಬಾಗಿಲಲ್ಲೇ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದೆ.

ಆಮೇಲೆ ನೀವೇ ಬಂದಿರಿ. ನೆನಪಿದೆಯೇ? ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ ನಮ್ಮ ಮಂಚದ ಅಂಚಿನಲ್ಲಿ ಕೂತು ನೀರು ಕುಡಿದಿರಿ. ಗೋಡೆಗೆ ಅಂಗೈ ಒತ್ತಿ, “ನನ್ನ ಚೇಂಬರಿಗಿಂತ ಇದೇ ವಾಸಿ ಕಣ್ರೀ” ಅಂದಿರಿ. ಇಡೀ ಕಟ್ಟಡಸಾಲಿಗೆ ನಮ್ಮ ಮನೆ ಮಾದರಿ ಎಂದು ಕೈ ಕುಲುಕಿದಿರಿ. ನನ್ನ ಹೆಂಡತಿ ನಿದ್ದೆ ಬಿಟ್ಟು ಎದ್ದು ನಿಮಗಾಗಿ ತಾಜಾ ಬನ್ನು ಕಟ್ಟಿಕೊಟ್ಟಳು. ಅಷ್ಟು ದೊಡ್ಡ ಅಧಿಕಾರಿ ನಮ್ಮ ಮಂಚದ ಮೇಲೆ ಕೂತಿದ್ದರೆಂದು ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದೆ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಬೋರ್ಡು ಬರೆಯುವವನ ಕಣ್ಣಿಗೆ ಅಷ್ಟಗಲದ ಬಿಳಿ ಜಾಗ ಖಾಲಿ ಬಿದ್ದಿದ್ದರೆ ಅನ್ನ ಸೇರುವುದಿಲ್ಲ. ಮರುದಿನವೇ ಡಬ್ಬಿ, ಕುಂಚ ಹಿಡಿದು ಮೇಲೆ ಹೋಗಿ, ತಾರಸಿಯ ನಟ್ಟನಡುವೆ ‘ಈ ತಂಪು ವಸತಿ ಇಲಾಖೆಯ ಕೃಪೆ’ ಎಂದು ನೀಲಿಯಲ್ಲಿ ಬರೆದೆ. ಅಕ್ಷರಗಳ ಅಂಚಿಗೆ ಕೆಂಪಿನ ನೆರಳನ್ನೂ ಕೊಟ್ಟೆ. ಸ್ತುತಿಯೇ ಹೊರತು ಅದರಲ್ಲಿ ನಿಂದೆ ಇರಲಿಲ್ಲ. ಆಕಾಶಕ್ಕೆ ಬಿಟ್ಟರೆ ಇನ್ಯಾರಿಗೆ ಕಾಣುತ್ತದೆ ಎಂದುಕೊಂಡಿದ್ದೆ.

ಎದುರಿನ ಎತ್ತರದ ಕಟ್ಟಡದಲ್ಲಿ ನಿಮ್ಮದೇ ಇಲಾಖೆಯ ಇನ್ನೊಂದು ಶಾಖೆ ಇದೆಯೆಂಬುದು ಹೊಳೆಯಲಿಲ್ಲ. ಅಲ್ಲಿಯ ಕಿಟಕಿಯಿಂದ ಯಾರೋ ಪುಣ್ಯಾತ್ಮರು ಕಂಡರು. ಒಂದು ತಿಂಗಳಲ್ಲಿ ನೋಟಿಸು ಬಂತು: ಸರ್ಕಾರಿ ಕಟ್ಟಡದ ಮೇಲೆ ಅನುಮತಿಯಿಲ್ಲದೆ ಜಾಹೀರಾತು, ತಾರಸಿಯನ್ನು ಮೂಲಸ್ಥಿತಿಗೆ ತರಲಾಗುವುದು. ಕೆಳಗೆ ನಿಮ್ಮ ಸಹಿ. ನನ್ನ ಕೈ ಕುಲುಕಿದ ಕೈಯ ಸಹಿ. ಹೆಂಡತಿ ಓದಿ, “ನಿಮ್ಮ ಕೈ ಸುಮ್ನಿರಲ್ಲ ಅಂತ ನಂಗೆ ಗೊತ್ತಿತ್ತು ಕಣ್ರೀ” ಎಂದಳಷ್ಟೇ. ಅಂದೇ ಸಂಜೆ ಮೇಲೆ ಹೋಗಿ ಅಕ್ಷರಗಳ ಮೇಲೆ ಬಿಳಿ ಬಳಿದೆ. ತಪ್ಪಾಯಿತು, ಅಳಿಸಿದ್ದೇನೆ ಎಂದು ಪತ್ರ ಬರೆದೆ. ಎರಡನೆಯದನ್ನೂ ಬರೆದೆ. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು. ನಿಮ್ಮನ್ನು ನಂಬಿದ್ದವನು ನಾನು, ಪರಿಶೀಲನೆ ಎಂದರೆ ಯಾರೋ ಪರಿಶೀಲಿಸುತ್ತಾರೆ ಎಂದೇ ತಿಳಿದೆ.

ಹತ್ತು ತಿಂಗಳ ನಂತರ ಡಾಂಬರಿನ ಡ್ರಮ್ಮಿನೊಂದಿಗೆ ಮೇಸ್ತ್ರಿ ಬಂದ. ಪಾಪ, ಒಳ್ಳೆಯ ಮನುಷ್ಯ. ತಾರಸಿಯ ತುಂಬ ಓಡಾಡಿ, “ಅಕ್ಷರ ಎಲ್ಲಿದೆ ಅಣ್ಣ?” ಎಂದು ಕೇಳಿದ. ಅಳಿಸಿ ಹತ್ತು ತಿಂಗಳಾಯಿತು ಎಂದೆ. ಆದೇಶದ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ತಲೆ ಕೆರೆದುಕೊಂಡ.

“ಅಕ್ಷರ ಕಾಣಬಾರದು ಅಂತ ಹೇಳಿ ಕಳ್ಸಿದಾರೆ. ಬಿಳೀದು ಉಳಿಸು ಅಂತ ಯಾರೂ ಹೇಳಿಲ್ಲ.”

ನಿಮ್ಮ ಕಚೇರಿಗೆ ಓಡಿದೆ. ನೀವು ಮೀಟಿಂಗಿನಲ್ಲಿದ್ದಿರಿ. ಕಿರಿಯ ಇಂಜಿನಿಯರು ನನ್ನನ್ನು ಕಂಡು, ಕಾಣದವರಂತೆ ಕಡತದಲ್ಲಿ ಮುಖ ಹುದುಗಿಸಿಕೊಂಡರು. ವಾಪಸು ಬರುವಷ್ಟರಲ್ಲಿ ಮುಕ್ಕಾಲು ತಾರಸಿ ಕಪ್ಪಾಗಿತ್ತು. ನೆಗಡಿ ಬಂತೆಂದು ಮೂಗು ಕೊಯ್ದ ಕಥೆ ಕೇಳಿದ್ದೇನೆ. ನೆಗಡಿ ವಾಸಿಯಾದ ಮೇಲೆ ಬಂದು ಮೂಗು ಕೊಯ್ದದ್ದನ್ನು ಕಂಡದ್ದು ಇದೇ ಮೊದಲು. ಬಿಳಿ ತಂಪು ಎಂದು ಗೋಡೆಯ ಮೇಲೆ ಬರೆಸಿದವರಿಗೆ ಕಪ್ಪು ಬಿಸಿ ಎಂಬುದು ಗೊತ್ತಿರಲಿಲ್ಲವೇ? ಅಥವಾ ಸೂತ್ರ ಬರೆಸುವ ಮೇಜು ಬೇರೆ, ಸಹಿ ಹಾಕುವ ಮೇಜು ಬೇರೆಯೇ?

ಈಗ ಆ ಕೋಣೆಯಲ್ಲಿ ಬರಿಗಾಲಿಡಲಾಗುವುದಿಲ್ಲ, ದಿಂಬು ಮುಟ್ಟಿದರೆ ಇಸ್ತ್ರಿ ಮಾಡಿಟ್ಟ ಹಾಗಿರುತ್ತದೆ. ನನ್ನ ಹೆಂಡತಿ ಹನ್ನೊಂದು ದಿನ ಪ್ರಯತ್ನಿಸಿದಳು. ಹನ್ನೆರಡನೆಯ ದಿನ ಕೆಲಸದಲ್ಲಿ ನಿಂತಲ್ಲೇ ತೂಕಡಿಸಿ, ಒಲೆಯ ಬಾಯಿಗೆ ಕೈ ಕೊಟ್ಟಳು. ಮೊಣಕೈವರೆಗೆ ಬೊಬ್ಬೆ. ಅಂದಿನಿಂದ ಅವಳು ಮನೆಯಲ್ಲಿ ಮಲಗುವುದಿಲ್ಲ. ಬೇಕರಿಯ ಹಿಂದಿನ ಗೋದಾಮಿನಲ್ಲಿ, ಮೈದಾ ಮೂಟೆಗಳ ಮೇಲೆ ಚಾದರ ಹಾಸಿಕೊಂಡು ಮಲಗುತ್ತಾಳೆ. ಮನೆಗೆ ಸ್ನಾನಕ್ಕೆ ಬರುತ್ತಾಳೆ, ಒಂದು ತುತ್ತು ಉಣ್ಣುತ್ತಾಳೆ, ಹೋಗುತ್ತಾಳೆ. ಮೊನ್ನೆ ಅವಳು ಹೊರಡುವಾಗ ನಾನು ಬಾಗಿಲಿಗೆ ಅಡ್ಡ ನಿಂತೆ. “ಅಲ್ಲಿ ನಿದ್ದೆ ಬರುತ್ತೆ ಕಣ್ರೀ, ಬಿಡಿ” ಎಂದಳು. ಬಿಟ್ಟೆ. ಮಾನ್ಯರೇ, ನಾನು ಒಬ್ಬ ಮನುಷ್ಯನ ಮಾತು ನಂಬಿದ್ದಕ್ಕೆ ನನ್ನ ಮನೆಯವಳು ಮೂಟೆಗಳ ಮೇಲೆ ಮಲಗುತ್ತಿದ್ದಾಳೆ.

ನಿನ್ನೆ ನಿಮ್ಮ ಕಚೇರಿಯಿಂದ ಫೋನು ಬಂದಿತ್ತು. ಕಾಂಪೌಂಡಿನ ಹತ್ತು ಸೂತ್ರಗಳು ಬಿಸಿಲಿಗೆ ಮಾಸಿವೆಯಂತೆ, ಮತ್ತೆ ಬರೆದುಕೊಡಬೇಕಂತೆ. ‘ಬೇಸಿಗೆ ಜಾಸ್ತಿ ಇದೆ, ಜನಕ್ಕೆ ತಿಳುವಳಿಕೆ ಬೇಕಲ್ಲ’ ಎಂದರು. ಬರೆಯುತ್ತೇನೆ. ಆದರೆ ನನ್ನ ಬೇಡಿಕೆ ಕೇಳಿ. ಡಾಂಬರಿನ ಮೇಲೆ ಬಿಳಿ ಬಳಿಯಲು ಬಾಯಿಮಾತಿನದಲ್ಲದ, ನಿಮ್ಮ ಸಹಿಯಿರುವ ಅನುಮತಿ ಪತ್ರ ಕೊಡಿ. ಬಣ್ಣ ನನ್ನದು, ಮೊಣಕಾಲೂ ನನ್ನದೇ. ಈ ಸಲ ಆ ಬಿಳಿಯ ಮೇಲೆ ಒಂದು ಚುಕ್ಕೆಯನ್ನೂ ಇಡುವುದಿಲ್ಲ. ಬೋರ್ಡಿನವನೊಬ್ಬ ಇದಕ್ಕಿಂತ ದೊಡ್ಡ ಆಣೆ ಮಾಡಲಾರ.

ಆ ಪತ್ರ ಬರುವವರೆಗೆ ನಿಮ್ಮ ಗೋಡೆಯ ಮೇಲೆ ಒಂಬತ್ತೇ ಸೂತ್ರಗಳಿರುತ್ತವೆ. ಆರರ ನಂತರ ಎಂಟು. ನಡುವಿನ ಜಾಗ ಖಾಲಿ ಬಿಡುತ್ತೇನೆ. ಏಳನೆಯದು ಎಲ್ಲಿ ಎಂದು ದಾರಿಹೋಕರು ಕೇಳಿದರೆ ನಮ್ಮ ಮನೆಯ ಬೀಗದ ಕೈ ಕೊಟ್ಟು ಮೂರನೆಯ ಮಹಡಿಗೆ ಕಳಿಸುತ್ತೇನೆ. ಹಗಲು ಹೊತ್ತು ಆ ಮಂಚ ಹೇಗೂ ಖಾಲಿಯಿರುತ್ತದೆ. ನೀವು ಒಮ್ಮೆ ಕೂತ ಜಾಗವೇ ಅದು. ಗೋಡೆಗೆ ಅಂಗೈ ಒತ್ತಿ ನೋಡಲು ನೀವೂ ಬರಬಹುದು.

ಇಂತಿ,
ನಿಮ್ಮ ಗೋಡೆಯ ಮೇಲೆ ಬರೆದು, ಬರೆದದ್ದನ್ನು ನಂಬಿದ
ಬೋರ್ಡು ಪೇಂಟರ್