ಅಜ್ಜಿ ನಿದ್ದೇಲಿ ಕೇಳಿದ ಅಧ್ಯಾಯ

ಅಜ್ಜಿ,

ನಿನ್ನೆ ಮಧ್ಯಾಹ್ನ ಮತ್ತೆ ಕಥೆ ಕೇಳ್ತಾ ತೂಕಡಿಸಿದ್ಯಲ್ಲಾ? ನೀನು ಗೊರಕೆ ಹೊಡೀತಿದ್ರೂ ಮೊಬೈಲು ಅದರ ಪಾಡಿಗೆ ಅದು ಓದ್ತಾ ಹೋಗಿದೆ. ಇಬ್ಬರದ್ದೂ ಒಂದೇ ಅಕೌಂಟು, ಓದ್ತಿರೋದೂ ಒಂದೇ ಪುಸ್ತಕ. ಬಸ್ಸಲ್ಲಿ ನಾನು ಟ್ಯಾಬ್ ತೆಗೆದ್ರೆ ನನ್ನ ಪುಸ್ತಕವೂ ಆರು ಅಧ್ಯಾಯ ಮುಂದೆ! ಬಿಟ್ಟ ಪುಟ ಹುಡುಕಿ ಹುಡುಕಿ ಸಾಕಾಯ್ತು.

ಅರ್ಧ ಗಂಟೆಗೆ ತಾನೇ ನಿಲ್ಲೋ ಹಾಗೆ ಇಟ್ಟಿದ್ದೀನಿ, ಮುಟ್ಟಬೇಡ. "ಟ್ಯಾಬಲ್ಲಿ ಓದಿದ ಪುಟಕ್ಕೆ ಹೋಗ್ಲಾ?" ಅಂತ ಕೇಳಿದ್ರೆ ಬೇಡ ಅಂತ ಒತ್ತು.

ಹಾಂ, ಆ ಕಥೇಲಿ ದೋಣಿಯವನು ಕಿತ್ತಳೆಹಣ್ಣು ತುಂಬ್ಕೊಂಡು ಮನೆಗೆ ಬಂದ ಅಂದ್ಯಲ್ಲ, ಆರೂ ಅಧ್ಯಾಯ ಜಾಲಾಡಿದೆ. ಅವನು ಬರೋದೇ ಇಲ್ಲ ಅಜ್ಜಿ, ಮುಳುಗಿಹೋಗ್ತಾನೆ. ನೀನು ಕಂಡಿದ್ದು ಕನಸು.

ಸಂಜೆ ಬೇಗ ಬರ್ತೀನಿ. ಹಣ್ಣೆಲ್ಲ ಇಳಿಸಿದ ಮೇಲೆ ಅವನು ಹೆಂಡತಿಗೆ ಏನಂದ, ಅದನ್ನ ಹೇಳು.