ದುರುಗಮ್ಮನ ಮನೆಯಲ್ಲಿ ಕಾರ್ಡ್ ಕೇಳಿ

ಬಸಾಪುರ ಕ್ಯಾಂಪ್,
ಫೆಬ್ರವರಿ 30, 2151

ಹುಲಿಗೆಮ್ಮಜ್ಜಿಗೆ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಈ ಕಾಗದ ನಿಮ್ಮ ಕೈ ಸೇರುವಾಗ 2021ರ ಫೆಬ್ರವರಿ, ನಿಮಗೆ ನಲವತ್ತು ವರ್ಷ. ಅಜ್ಜಿ ಎಂದೆನೆಂದು ಸಿಟ್ಟಾಗಬೇಡಿ. ನಾನು ನಿಮ್ಮ ಮರಿಮೊಮ್ಮಗಳ ಮೊಮ್ಮಗಳು, ಯಮನೂರವ್ವ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಆಶಾ ಕಾರ್ಯಕರ್ತೆಯಾಗಿ ಬರೆದಿಟ್ಟ ಡೈರಿಗಳಿಂದ. ನಿಮ್ಮ ಅಕ್ಷರ, ಹೇಳಲೇಬೇಕು, ಬಹಳ ಕೆಟ್ಟದಾಗಿದೆ.

ಇಲ್ಲಿ ಮಕ್ಕಳಿಗೆ ಸೂಜಿ ಚುಚ್ಚುವುದಿಲ್ಲ. ತೋಳೆಲೆ ಎಂಬುದೊಂದಿದೆ: ವೀಳ್ಯದೆಲೆಯಷ್ಟು ತೆಳ್ಳಗಿನ ಲಸಿಕೆಯ ಪಟ್ಟಿ. ಮಗುವಿನ ತೋಳಿಗೆ ಅಂಟಿಸಿ, ಅದು ಹಾಲು ಕುಡಿದು ಮುಗಿಸುವಷ್ಟರಲ್ಲಿ ಕಿತ್ತರಾಯಿತು. ದಡಾರ, ಗಂಟಲುಮಾರಿ ಎಂದರೇನೆಂದು ನಮ್ಮ ಮಕ್ಕಳಿಗೆ ಪುಸ್ತಕ ತೆರೆದು ತೋರಿಸಬೇಕು. ಆದರೂ ವರ್ಷಕ್ಕೊಮ್ಮೆ ನಾವು 'ಬಿಟ್ಟವರ ಬೆಳಗು' ಆಚರಿಸುತ್ತೇವೆ. ಅಂದು ಊರಿನ ದೊಡ್ಡವರೆಲ್ಲ ಮನೆಮನೆಗೆ ಹೋಗಿ, ಯಾವ ಮಗುವಿಗೆ ಯಾವ ಲಸಿಕೆ ತಪ್ಪಿದೆಯೆಂದು ಹುಡುಕುತ್ತಾರೆ. ಮಕ್ಕಳು ಎಡಗೈ ಕಿರುಬೆರಳಿಗೆ ಕಾಡಿಗೆ ಹಚ್ಚಿಕೊಂಡು, ಬಾಗಿಲಲ್ಲಿ ಬೆರಳು ಚಾಚಿ ನಿಲ್ಲುತ್ತಾರೆ. ಬಂದವರು ಅದನ್ನು ನೋಡಿಯೂ ನೋಡದವರಂತೆ, "ಬೆರಳು ಬ್ಯಾಡ, ಕಾರ್ಡ್ ತೋರ್ಸವ್ವ" ಎನ್ನಬೇಕು. ಅದು ನಿಮ್ಮ ಮಾತು, ಅಜ್ಜಿ. ಮೊನ್ನೆ ನನ್ನ ಮೂರು ವರ್ಷದ ಮಗಳು ಅದನ್ನು ನಾಯಿಗೂ ಹೇಳಿದಳು. ನಿಮ್ಮ ವಂಶದವಳೆಂದು ನಾನು ಎದೆಯುಬ್ಬಿಸಿಕೊಂಡೇ ಓಡಾಡುತ್ತೇನೆ.

ಈ ಮಾತನ್ನು ನೀವಿನ್ನೂ ಆಡಿಲ್ಲ. ಅದು ಹುಟ್ಟಿದ ಬಗೆ ಹೇಳುತ್ತೇನೆ. ಕೊರೊನಾ ವರ್ಷ ಅಂಗನವಾಡಿಯ ಗುರುವಾರದ ಚುಚ್ಚುಮದ್ದು ತಿಂಗಳುಗಟ್ಟಲೆ ನಿಂತಿತು. ನೀವು ಜ್ವರ ಬಂದವರ ಪಟ್ಟಿ ಮಾಡುತ್ತ ಬೀದಿ ಬೀದಿ ಅಲೆದಿರಿ. ನಿಮ್ಮ ಲೆಕ್ಕದಲ್ಲಿ ಮೊನ್ನೆಯಷ್ಟೇ ಪೋಲಿಯೊ ಹನಿ ಹಾಕಿ, ಮಕ್ಕಳ ಕಿರುಬೆರಳಿಗೆ ಕಪ್ಪು ಗುರುತು ಮಾಡಿದಿರಿ. ತಾಯಂದಿರು ಆ ಗುರುತು ಕಂಡು, ಎಲ್ಲ ಲಸಿಕೆಯೂ ಮುಗಿಯಿತೆಂದುಕೊಂಡರು. ಬರುವ ಗುರುವಾರ ನೀವು ಅಕ್ಕಿ ಗಿರಣಿಯ ಹಿಂದಿನ ಸಾಲಿಗೆ ಹೋಗುತ್ತೀರಿ. ಕೊನೆಯ ಮನೆಯ ದುರುಗಮ್ಮ ತನ್ನ ಮಗಳು ಭೂಮಿಕಾಳ ಬೆರಳು ಹಿಡಿದು, "ಎಲ್ಲಾ ಆಗೇತ್ರಿ ಅಕ್ಕಾ, ಇಲ್ನೋಡ್ರಿ" ಎನ್ನುತ್ತಾಳೆ. ಕಾಲು ಸೋತ ನೀವು 'ಆಗಿದೆ' ಎಂದು ಬರೆದು ಬಂದುಬಿಡುತ್ತೀರಿ. ಆಗಿರುವುದಿಲ್ಲ. ಮುಂದಿನ ಬೇಸಿಗೆಯಲ್ಲಿ ಆ ಸಾಲಿಗೆ ದಡಾರ ಬರುತ್ತದೆ. ಭೂಮಿಕಾ ಉಳಿಯುವುದಿಲ್ಲ.

ಅಂದಿನಿಂದ ನೀವು ಯಾರ ಬೆರಳನ್ನೂ ನಂಬುವುದಿಲ್ಲ. ಮನೆಮನೆಯಲ್ಲಿ ಲಸಿಕೆ ಬರೆದಿಡುವ ತಾಯಿ ಕಾರ್ಡ್ ತೆಗೆಸಿ, ಲಸಿಕೆ ತಪ್ಪಿದ ಅರವತ್ತಮೂರು ಮಕ್ಕಳನ್ನು ಹುಡುಕಿ ಕರೆತರುತ್ತೀರಿ. ದಡಾರ ಗಿರಣಿ ಸಾಲು ದಾಟುವುದಿಲ್ಲ. ನಿಮ್ಮ ತಪ್ಪನ್ನೂ ಡೈರಿಯಲ್ಲಿ ಮುಚ್ಚಿಡದೆ ಬರೆಯುತ್ತೀರಿ. ನನಗೆ ಎಲ್ಲಕ್ಕಿಂತ ಹೆಚ್ಚು ಹೆಮ್ಮೆ ಆ ಪುಟದ ಬಗ್ಗೆ.

ದುರುಗಮ್ಮನ ಮನೆಯಿದ್ದ ಜಾಗವನ್ನು ನಾವು ಖಾಲಿ ಬಿಟ್ಟಿದ್ದೇವೆ. ಬಿಟ್ಟವರ ಬೆಳಗು ಅಲ್ಲಿಂದಲೇ ಶುರುವಾಗುತ್ತದೆ. ಭೂಮಿಕಾಳ ಹೆಸರು ಕೂಗಿ, ಸ್ವಲ್ಪ ಹೊತ್ತು ಕಾದು, ಮುಂದಿನ ಮನೆಗೆ ಹೋಗುತ್ತೇವೆ.

ಅಜ್ಜಿ, ಗುರುವಾರ ಆ ಮನೆಯಲ್ಲಿ ಕಾರ್ಡ್ ಕೇಳಿ, ಆಮೇಲೆ ಉಳಿದ ಮನೆಗಳಲ್ಲೂ ಕೇಳಿ. ನೀವು ಕೇಳಿದರೆ ನಮ್ಮ ಹಬ್ಬ ಹುಟ್ಟುವುದೇ ಇಲ್ಲ. ನಿಮ್ಮ ಹೆಸರು ಯಾರಿಗೂ ಗೊತ್ತಿರುವುದಿಲ್ಲ, ನನಗೆ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ. ಆ ಹೆಮ್ಮೆ ನನಗೆ ಬೇಡ ಬಿಡಿ. ಆ ಜಾಗದಲ್ಲಿ ಭೂಮಿಕಾಳ ಮೊಮ್ಮಕ್ಕಳ ಮಕ್ಕಳು ಮನೆ ಕಟ್ಟಿಕೊಂಡಿರಲಿ.

ನಿಮ್ಮ ಕುಡಿ,
ಯಮನೂರವ್ವ